ಓಲೆಗರಿಯಿಂದ ಅಂತರ್ಜಾಲದವರೆಗೆ: ಬರೆದದ್ದು ಉಳಿಯುವ ಬಗೆ

ಧಾರವಾಡ ಜಿಲ್ಲೆಯ ಅಣ್ಣಿಗೇರಿ ಎಂದೊಡನೆ ನೆನಪಾಗುವವನು ಆದಿಕವಿ ಪಂಪ. ಹತ್ತನೆಯ ಶತಮಾನದಲ್ಲಿ ಆತ ರಚಿಸಿದ 'ವಿಕ್ರಮಾರ್ಜುನ ವಿಜಯ' ಅಚ್ಚಾದದ್ದು 1898ರಲ್ಲಿ, ಬಿ.ಎಲ್. ರೈಸ್ ಅವರಿಂದ. ನಡುವಿನ ಒಂಬೈನೂರಕ್ಕೂ ಹೆಚ್ಚು ವರ್ಷ ಕಾವ್ಯವನ್ನು ಕಾಪಾಡಿದವರು ಓಲೆಗರಿಯ ಮೇಲೆ ಮತ್ತೆ ಮತ್ತೆ ಪ್ರತಿ ಮಾಡಿದ ಲಿಪಿಕಾರರು. ಅಣ್ಣಿಗೇರಿಗೆ ದೂರವಲ್ಲದ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯಂತೂ ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಪ್ರತಿಗಳು ಹತ್ತು ಕಡೆ ಇದ್ದರೆ, ಒಂದೆಡೆ ಗೆದ್ದಲು ಹಿಡಿದರೂ ಇನ್ನೊಂದೆಡೆ ಗ್ರಂಥ ಉಳಿಯುತ್ತದೆ.

ಈಗ ಇದೇ ಪ್ರಶ್ನೆ ಹೊಸ ವೇಷದಲ್ಲಿ ಬಂದಿದೆ. ಬೆಂಗಳೂರಿನಲ್ಲಿ ಹುಟ್ಟಿದ 'ಕೂ' ಜಾಲತಾಣ 2020ರಲ್ಲಿ ಮೊದಲಿಗೆ ಕನ್ನಡದಲ್ಲಿಯೇ ಆರಂಭವಾಗಿ ದೇಶದ ಹಲವು ಭಾಷೆಗಳಿಗೆ ಹಬ್ಬಿತು. ಬೇರೆ ಸಂಸ್ಥೆಗಳೊಡನೆ ನಡೆದ ಮಾತುಕತೆ ಫಲಿಸದೆ, ಖರ್ಚು ತೂಗಿಸಲಾಗದೆ 2024ರ ಜುಲೈನಲ್ಲಿ ಬಾಗಿಲು ಹಾಕಿತು. 2014ರಲ್ಲಿ ಆರ್ಕುಟ್, 2019ರಲ್ಲಿ ಗೂಗಲ್ ಪ್ಲಸ್ ಇದೇ ಹಾದಿ ಹಿಡಿದಿದ್ದವು. ಮನೆಯೊಡೆಯ ಬೀಗ ಹಾಕಿದರೆ ಬಾಡಿಗೆಗೆ ಇದ್ದವರು ಬೀದಿಗೆ ಬೀಳುತ್ತಾರೆ. ವರ್ಷಗಟ್ಟಲೆ ಕೂಡಿಸಿದ ಓದುಗರ ಬಳಗ ಚದುರುತ್ತದೆ.

ಇದಕ್ಕೆ ಪರಿಹಾರವಾಗಿ ಎರಡು ದಾರಿಗಳನ್ನು ಹೇಳಲಾಗುತ್ತದೆ. ಮೊದಲನೆಯದು ಮುಕ್ತ ತಂತ್ರಾಂಶ. ಧಾರವಾಡ ಫೇಡೆಯನ್ನು ಯಾರು ಬೇಕಾದರೂ ಕೊಂಡು ತಿನ್ನಬಹುದು. ಪಾಕದ ಗುಟ್ಟು ಮಾತ್ರ ಮನೆತನದ್ದು. ಜೋಳದ ರೊಟ್ಟಿ ಹಾಗಲ್ಲ. ಬಡಿಯುವ ಬಗೆಯನ್ನು ಯಾರೂ ಯಾರಿಂದಲೂ ಕಲಿಯಬಹುದು. ತಂತ್ರಾಂಶಗಳಲ್ಲೂ ಈ ಎರಡು ಬಗೆ. ರಚನೆಯನ್ನು ಬಚ್ಚಿಡದೆ ಎಲ್ಲರಿಗೂ ನೋಡಲು, ತಿದ್ದಲು, ಹಂಚಲು ಬಿಡಬೇಕೆಂದು ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ 'ಗ್ನೂ' ಯೋಜನೆ ಸಾರಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ 'ಲಿನಕ್ಸ್' ಹೊರತಂದರು.

ಇದು ಪಂಡಿತರ ಆಟವಷ್ಟೇ ಅಲ್ಲ ಎಂಬುದಕ್ಕೆ ಕಾಸರಗೋಡು ಸಾಕ್ಷಿ. ಕೇರಳ ಸರ್ಕಾರ 2001ರಲ್ಲಿ ಆರಂಭಿಸಿದ 'ಐಟಿ ಅಟ್ ಸ್ಕೂಲ್' ಯೋಜನೆ ಕೆಲವೇ ವರ್ಷಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಹೊರಳಿತು. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಲಿನಕ್ಸ್ ಮೇಲೆಯೇ ಗಣಕಯಂತ್ರ ಕಲಿಯುತ್ತಾರೆ.

ಅಕ್ಷರದ ವಿಷಯದಲ್ಲಿ ಕರ್ನಾಟಕಕ್ಕೂ ಕಹಿ ಅನುಭವವಿದೆ. ಮೊದಮೊದಲ ಕನ್ನಡ ತಂತ್ರಾಂಶಗಳಲ್ಲಿ ಒಂದೊಂದು ಅಕ್ಷರಶೈಲಿಗೂ ಒಂದೊಂದು ಸಂಕೇತ. ನವಲಗುಂದದಲ್ಲಿ ಬೆರಳಚ್ಚು ಮಾಡಿದ ಕಡತವನ್ನು ಆ ಅಕ್ಷರಶೈಲಿ ಇಲ್ಲದ ಬೆಂಗಳೂರಿನ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತಿತ್ತು. ಜಗತ್ತಿನ ಲಿಪಿಗಳಿಗೆಲ್ಲ ಸಮಾನ ಸಂಕೇತ ನೀಡುವ, 1991ರಿಂದಲೇ ಕನ್ನಡಕ್ಕೂ ಸ್ಥಾನವಿತ್ತ ಯೂನಿಕೋಡ್ ಬಳಕೆಗೆ ಬಂದ ಮೇಲೆ ಈ ತೊಡಕು ನೀಗಿತು.

ಎರಡನೆಯ ದಾರಿ ವಿಕೇಂದ್ರಿತ ಜಾಲತಾಣ. ಕಲಘಟಗಿಯವರು ಒಂದು ಕಂಪನಿಯ ಸಿಮ್‌ನಿಂದ ಕುಂದಗೋಳದ ಬೀಗರ ಇನ್ನೊಂದು ಕಂಪನಿಯ ಸಿಮ್‌ಗೆ ಕರೆ ಮಾಡುವುದಿಲ್ಲವೇ? ಹಾಗೆಯೇ ಇದು. ಜರ್ಮನಿಯ ಯೂಜೆನ್ ರೋಚ್ಕೊ 2016ರಲ್ಲಿ ಹೊರತಂದ 'ಮಾಸ್ಟೊಡಾನ್' ಮುಕ್ತ ತಂತ್ರಾಂಶ. ಯಾವ ಸಂಘ ಸಂಸ್ಥೆಯೂ ಅದನ್ನು ತನ್ನದೇ ಯಂತ್ರದಲ್ಲಿ ನಡೆಸಬಹುದು. ಒಂದರ ಸದಸ್ಯರು ಇನ್ನೊಂದರ ಸದಸ್ಯರೊಡನೆ ಮಾತಾಡಬಹುದು. ಬೇಡವಾದರೆ ತಮ್ಮ ಓದುಗರ ಬಳಗದ ಸಮೇತ ಬೇರೆಡೆಗೆ ಹೋಗಬಹುದು.

ಆದರೆ ಹಳೆಯ ಬರಹಗಳು ತಾವಾಗಿ ಜೊತೆಗೆ ಬರುವುದಿಲ್ಲ. ಯಂತ್ರ ನಡೆಸಲು ಹಣ ಬೇಕು, ತಿಳಿದವರು ಬೇಕು. ಕಿಡಿಗೇಡಿಗಳ ಮೇಲೆ ಕಣ್ಣಿಡುವ ಹೊಣೆಯೂ ನಡೆಸುವವರದೇ. ನೆಂಟರಿಷ್ಟರೆಲ್ಲ ಹಳೆಯ ತಾಣದಲ್ಲಿರುವಾಗ ಒಬ್ಬರೇ ಹೊಸ ಊರಿಗೆ ಹೋಗಿ ಮಾಡುವುದೇನು ಎಂಬ ಪ್ರಶ್ನೆಯೂ ಸಹಜವೇ.

ತಾಣ ಬಿಡದವರೂ ಮಾಡಬಹುದಾದ ಕೆಲಸವಿದೆ. ಯೂನಿಕೋಡ್‌ನಲ್ಲಿ ಬರೆಯುವುದು, ಬರೆದದ್ದರ ಪ್ರತಿಯೊಂದನ್ನು ತಮ್ಮಲ್ಲೇ ಇಟ್ಟುಕೊಳ್ಳುವುದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಲೇಖನಗಳನ್ನು ಯಾರು ಬೇಕಾದರೂ ಇಳಿಸಿಕೊಂಡು ಪ್ರತಿ ಮಾಡಿ ಹಂಚಬಹುದು. ಸಾವಿರ ಪ್ರತಿ ಬರೆಸಲು ಅತ್ತಿಮಬ್ಬೆಯಂತಹ ಸಿರಿವಂತೆಯೇ ಬೇಕಾಗಿದ್ದ ಕಾಲ ಹೋಯಿತು; ಈಗ ಆ ಕೆಲಸ ಸಾಮಾನ್ಯರ ಕೈಗೂ ಎಟುಕುವಂತಿದೆ.