ಕೆಮ್ಮದ ಅಂಗ

ರಾಬರ್ಟ್‌ಸನ್‌ಪೇಟೆಯ ಹಳಬರು ಕೆಮ್ಮಿನ ಸದ್ದಿನಲ್ಲೇ ಕಾಯಿಲೆ ಗುರುತಿಸುತ್ತಿದ್ದರು. ಗಣಿಯ ಕಲ್ಲುದೂಳು ಶ್ವಾಸಕೋಶ ಹೊಕ್ಕು ತರುವ ಸಿಲಿಕೋಸಿಸ್ ಅದು. 2001ರ ಫೆಬ್ರುವರಿ 28ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚಿದವು. ಊರಿನ ಎಷ್ಟೋ ಮಂದಿ ದುಡಿಮೆಗೆ ಬೆಂಗಳೂರಿನ ರೈಲು ಹಿಡಿದರು. ನಸುಕಿಗೆ ಮಾರಿಕುಪ್ಪಂ ಬಿಟ್ಟು, ಬಂಗಾರಪೇಟೆ ದಾಟಿ, ಕತ್ತಲಾದ ಮೇಲೆ ಮನೆ. ಹೊತ್ತು ತಪ್ಪಿದ ಊಟ, ಸಕ್ಕರೆ ಚಹಾ, ಕರಿದ ತಿಂಡಿ, ಅರೆನಿದ್ದೆ. ಇಂಥ ದಿನಚರಿ ಸದ್ದಿಲ್ಲದೆ ಕೆಡಿಸುವುದು ಯಕೃತ್ತನ್ನು, ಅಂದರೆ ಲಿವರನ್ನು.

ಬಲಪಕ್ಕೆಯ ಅಡಿಯಲ್ಲಿರುವ, ಸುಮಾರು ಒಂದೂವರೆ ಕಿಲೋ ತೂಗುವ ಲಿವರ್ ದೇಹದ ಉಗ್ರಾಣ. ಮಿಕ್ಕ ಸಕ್ಕರೆಯನ್ನು ಗ್ಲೈಕೋಜನ್ ಆಗಿ ಕೂಡಿಡುತ್ತದೆ. ಅಲ್ಲಿ ಜಾಗ ಸಾಲದಿದ್ದರೆ ಕೊಬ್ಬಾಗಿಸುತ್ತದೆ. ಕೊಬ್ಬು ಶೇ. 5 ದಾಟಿದರೆ ಫ್ಯಾಟಿ ಲಿವರ್. ಕೆಲವರಲ್ಲಿ ಅದು ಉರಿಯೂತಕ್ಕೆ ತಿರುಗಿ, ಗಾಯ ಮಾಯ್ದಲ್ಲೆಲ್ಲ ನಾರು ಬೆಳೆದು, ಕೊನೆಗೆ ಗಂಟುಗಟ್ಟಿ ಸಿರೋಸಿಸ್ ಆಗುತ್ತದೆ. ನೋವು ತಿಳಿಸುವ ನರಗಳಿರುವುದು ಲಿವರಿನ ಹೊದಿಕೆಯಲ್ಲಿ, ಒಳಗಲ್ಲ. ಹಾಗಾಗಿ ಹೊಟ್ಟೆಯಲ್ಲಿ ನೀರು ತುಂಬುವವರೆಗೂ ಗೊತ್ತಾಗದಿರಬಹುದು.

‘ಲಿವರ್ ಹೋಯ್ತಾ? ಕುಡೀತಿದ್ದ’ ಎನ್ನುವುದು ವಾಡಿಕೆ. ಕುಡಿತ ದೊಡ್ಡ ಕಾರಣವೇ. 2007ರಲ್ಲಿ ರಾಜ್ಯ ಸಾರಾಯಿ ನಿಷೇಧಿಸಿದರೂ ಬಾಟಲಿ ಹೋಗಲಿಲ್ಲ. ಆದರೆ ಹನಿ ಮುಟ್ಟದ ಗೃಹಿಣಿಗೂ ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು ಇದ್ದರೆ ಫ್ಯಾಟಿ ಲಿವರ್ ಬರುತ್ತದೆ. ಆ ಮಾತಿಗೆ ಅಂಜಿ ಆಕೆ ಪರೀಕ್ಷೆಗೇ ಹೋಗದಿದ್ದರೆ ನಷ್ಟ ಅವಳದೇ.

ಕಾಮಾಲೆಗೆ ಸೊಪ್ಪಿನ ರಸ ಕುಡಿಸುವ ರೂಢಿಯೂ ಇದೆ. ಕೊಳಕು ನೀರಿನಿಂದ ಹರಡುವ ಹೆಪಟೈಟಿಸ್ ಎ ಬಹುತೇಕ ತಾನಾಗಿಯೇ ವಾಸಿಯಾಗುವುದರಿಂದ ಕೀರ್ತಿ ಸೊಪ್ಪಿಗೆ ಸಲ್ಲುತ್ತದೆ. ರಕ್ತದಿಂದಲೂ ತಾಯಿಯಿಂದ ಕೂಸಿಗೂ ದಾಟುವ ಹೆಪಟೈಟಿಸ್ ಬಿ ಹಾಗಲ್ಲ. ದಶಕಗಟ್ಟಲೆ ಒಳಗೇ ಕೂತು ಲಿವರ್ ತಿನ್ನಬಲ್ಲದು. ಅದರ ಲಸಿಕೆ ಹುಟ್ಟಿದ 24 ಗಂಟೆಯೊಳಗೆ ಬೀಳಬೇಕು.

ಫ್ಯಾಟಿ ಲಿವರನ್ನು ಕೇಂದ್ರ ಸರ್ಕಾರ 2021ರಲ್ಲಿ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮಕ್ಕೆ ಸೇರಿಸಿತು. ನಾರು ಬೆಳೆದಿದೆಯೇ ಎಂದು ಮೊದಲ ಅಂದಾಜು ಮಾಡಲು ದುಬಾರಿ ಯಂತ್ರ ಬೇಡ: ವಯಸ್ಸು, ರಕ್ತದಲ್ಲಿನ ಎಎಸ್‌ಟಿ, ಎಎಲ್‌ಟಿ ಎಂಬ ಕಿಣ್ವಗಳು, ಪ್ಲೇಟ್‌ಲೆಟ್ ಎಣಿಕೆ, ಈ ನಾಲ್ಕನ್ನು ಸೇರಿಸಿದ ಫಿಬ್-4 ಲೆಕ್ಕ ಸಾಕು. ಬೊಜ್ಜಿದ್ದವರು ತೂಕವನ್ನು ಶೇ. 7ರಿಂದ 10ರಷ್ಟು ಇಳಿಸಿದರೆ ಕೊಬ್ಬೂ ಉರಿಯೂತವೂ ತಗ್ಗುತ್ತವೆ.

ಗಣಿಯ ದೂಳು ಗಟ್ಟಿಮಾಡಿದ ಶ್ವಾಸಕೋಶ ಮತ್ತೆ ಮೃದುವಾಗಲಿಲ್ಲ. ಲಿವರ್‌ಗೆ ಆರಂಭದಲ್ಲಿ ಆ ಶಕ್ತಿಯಿದೆ. ಕೆಮ್ಮದ ಅಂಗವಾದ್ದರಿಂದ, ನಾವೇ ಹೋಗಿ ಕೇಳಬೇಕು.