ಕಾಲೇಜು ಮಕ್ಕಳ ಅಲ್ಪಾವಧಿ ಇಂಟರ್ನ್‌ಶಿಪ್: ಪಾಲಕರಿಗೂ ಸಂಘಗಳಿಗೂ ತಿಳಿದಿರಬೇಕಾದ ವಿಷಯಗಳು



ಹಾಲಿನ ಬಟವಾಡೆಯ ಹಣದಿಂದಲೇ ಮಕ್ಕಳ ಕಾಲೇಜು ಫೀ ಕಟ್ಟುವ ಕುಟುಂಬಗಳು ಹಳಿಯಾಳ, ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡ ತಾಲೂಕುಗಳಲ್ಲಿ ಕಡಿಮೆಯೇನಿಲ್ಲ. ಈ ಮಕ್ಕಳು ಒಂದು ದಿನ ಮನೆಗೆ ಬಂದು, "ಇಂಟರ್ನ್‌ಶಿಪ್ ಮಾಡಬೇಕು, ಎರಡು ತಿಂಗಳು ಹೊರಗೆ ಇರಬೇಕು" ಎಂದು ಹೇಳುತ್ತಾರೆ. ಇದು ಓದೋ, ನೌಕರಿಯೋ? ಪಗಾರ ಉಂಟೋ, ಅಥವಾ ನಾವೇ ಹಣ ಹೊಂದಿಸಬೇಕೋ? ಈ ಪ್ರಶ್ನೆಗಳಿಗೆ ಉತ್ತರ ತಿಳಿಯದೆ ಕೆಲವರು ಬೇಡವೆನ್ನುತ್ತಾರೆ, ಕೆಲವರು ಸಾಲ ಮಾಡಿ ಕಳಿಸುತ್ತಾರೆ. ಎರಡಕ್ಕೂ ಮೊದಲು ವಿಷಯವನ್ನು ಸರಿಯಾಗಿ ತಿಳಿದುಕೊಳ್ಳುವುದು ಅವಶ್ಯ.

ಇಂಟರ್ನ್‌ಶಿಪ್ ಎಂದರೇನು?

ಓದುತ್ತಿರುವ ಅಥವಾ ಈಗಷ್ಟೇ ಓದು ಮುಗಿಸಿದ ವಿದ್ಯಾರ್ಥಿಯು ಒಂದು ಸಂಸ್ಥೆಯಲ್ಲಿ ಗೊತ್ತಾದ ಅವಧಿಗೆ, ಗೊತ್ತಾದ ಕೆಲಸವನ್ನು, ಒಬ್ಬ ಅನುಭವಸ್ಥರ ಕೈಕೆಳಗೆ ಮಾಡಿ ಕಲಿಯುವುದೇ ಇಂಟರ್ನ್‌ಶಿಪ್. ಒಂದು ಪ್ರಶ್ನೆಯನ್ನು ಎತ್ತಿಕೊಂಡು, ಅದಕ್ಕೆ ಉತ್ತರ ಹುಡುಕಿ, ವರದಿ ಬರೆದು ಕೊಡುವಂತಿದ್ದರೆ ಅದನ್ನು ಪ್ರಾಜೆಕ್ಟ್ ಇಂಟರ್ನ್‌ಶಿಪ್ ಎನ್ನುತ್ತಾರೆ. ಈ ಅವಧಿಯಲ್ಲಿ ಕೊಡುವ ಹಣ ಸಂಬಳವಲ್ಲ, ಶಿಷ್ಯವೇತನ. ಅವಧಿ ಮುಗಿದ ಮೇಲೆ ನೌಕರಿ ಕೊಡಲೇಬೇಕೆಂಬ ಕರಾರು ಸಾಮಾನ್ಯವಾಗಿ ಇರುವುದಿಲ್ಲ. ಇದನ್ನು ಮಕ್ಕಳಿಗೂ ಮೊದಲೇ ಹೇಳಿರಬೇಕು.

ಯಾವ ಓದಿಗೆ ಯಾವ ಅವಕಾಶ?

1. ಕೃಷಿ ಪದವಿ: ಕೊನೆಯ ವರ್ಷದ ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ತಂಗಿ, ಬಣ್ಣದ ಪುಡಿಯಿಂದ ಊರಿನ ನಕ್ಷೆ ಬಿಡಿಸಿ, ಮನೆ ಮನೆಗೆ ಬಂದು ಬೆಳೆ ಮತ್ತು ಜಾನುವಾರುಗಳ ಲೆಕ್ಕ ಕೇಳುವುದನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಇದೇ ಗ್ರಾಮೀಣ ಕೃಷಿ ಕಾರ್ಯಾನುಭವ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು 2015ರಲ್ಲಿ ಇದನ್ನು 'ಸ್ಟೂಡೆಂಟ್ ರೆಡಿ' ಎಂಬ ಯೋಜನೆಯಡಿ ತಂದಾಗ ವಿದ್ಯಾರ್ಥಿಗೆ ತಿಂಗಳಿಗೆ 3,000 ರೂ. ಶಿಷ್ಯವೇತನ ಗೊತ್ತುಪಡಿಸಿತು.

2. ಇಂಜಿನಿಯರಿಂಗ್: ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಕೊನೆಯ ವರ್ಷದಲ್ಲಿ 14ರಿಂದ 20 ವಾರಗಳ ಇಂಟರ್ನ್‌ಶಿಪ್ ಸೇರಿದೆ. ಶಿಷ್ಯವೇತನ ಕೊಡುವುದೋ ಬಿಡುವುದೋ ಆಯಾ ಸಂಸ್ಥೆಗೆ ಸೇರಿದ್ದು. ಆದ್ದರಿಂದ ಕೇಳಿ ತಿಳಿಯಬೇಕು.

3. ಪದವಿ, ಡಿಪ್ಲೊಮಾ ಮುಗಿಸಿದವರು: ಇವರಿಗೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ತರಬೇತಿ ಇದೆ. 2019ರ ತಿದ್ದುಪಡಿಯಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂ., ಡಿಪ್ಲೊಮಾದವರಿಗೆ 8,000 ರೂ. ನಿಗದಿಯಾಯಿತು. ಇದು ಎರಡು ತಿಂಗಳಿನದಲ್ಲ. ಸಾಮಾನ್ಯವಾಗಿ ಒಂದು ವರ್ಷದ್ದು.

4. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ: 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಆರಂಭದ ನಿಯಮದಂತೆ 21ರಿಂದ 24 ವರ್ಷದೊಳಗಿನವರಿಗೆ, ದೊಡ್ಡ ಕಂಪನಿಗಳಲ್ಲಿ, 12 ತಿಂಗಳು. ತಿಂಗಳಿಗೆ 5,000 ರೂ. ಮತ್ತು ಒಂದು ಸಲ 6,000 ರೂ. ಇತ್ತು. ಅರ್ಜಿ ಹಾಕುವ ಮೊದಲು ಆಗ ಜಾರಿಯಲ್ಲಿರುವ ನಿಯಮ ನೋಡಿಕೊಳ್ಳಬೇಕು.

ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ಓದುವ ಮಕ್ಕಳು ತಮ್ಮ ಕಾಲೇಜಿನ ಉದ್ಯೋಗ ಮಾರ್ಗದರ್ಶನ ಘಟಕದಲ್ಲಿ ವಿಚಾರಿಸಬೇಕು.

ಶಿಷ್ಯವೇತನ ಏಕೆ ಮುಖ್ಯ?

"ಕಲಿಯಲು ಹೋಗುವವರಿಗೆ ಹಣವೇಕೆ?" ಎಂದು ಕೇಳುವವರಿದ್ದಾರೆ. ಹುಬ್ಬಳ್ಳಿಯಲ್ಲಿ ಸ್ವಂತ ಮನೆಯಿರುವ ಹುಡುಗ ಬಿಟ್ಟಿಯಾಗಿ ಎರಡು ತಿಂಗಳು ಕೆಲಸ ಕಲಿಯಬಲ್ಲ. ಜೋಯಿಡಾದ ಕಾಡಿನ ನಡುವಿನ ಊರಿನಿಂದ ಹೋಗುವ ಹುಡುಗಿಗೆ ರೂಮಿನ ಬಾಡಿಗೆ, ಊಟ, ಬಸ್ಸಿನ ಖರ್ಚು ಎಲ್ಲವೂ ಬೇಕು. ಅದರ ಮೇಲೆ ಮನೆಯಲ್ಲಿ ಹುಲ್ಲು ತರುವ, ಹಾಲು ಹಾಕಿ ಬರುವ ಒಂದು ಕೈ ಕಡಿಮೆಯಾಗುತ್ತದೆ. ಶಿಷ್ಯವೇತನ ಇಲ್ಲದ ಕಡೆ ಬುದ್ಧಿಯಿದ್ದವರಲ್ಲ, ಅನುಕೂಲವಿದ್ದವರು ಮಾತ್ರ ಹೋಗುತ್ತಾರೆ. ಆದ್ದರಿಂದ ಖರ್ಚನ್ನು ಕಾಗದದ ಮೇಲೆ ಬರೆದು, ಶಿಷ್ಯವೇತನದೊಂದಿಗೆ ತಾಳೆ ನೋಡಿ, ಆಮೇಲೆ ನಿರ್ಧರಿಸಿರಿ.

ಒಪ್ಪುವ ಮೊದಲು ಕೇಳಬೇಕಾದ ಪ್ರಶ್ನೆಗಳು

- ಕೆಲಸ ಏನು? ಎಂದಿನಿಂದ ಎಂದಿನವರೆಗೆ?
- ಮಾರ್ಗದರ್ಶಕರು ಯಾರು? ಅವರ ಹೆಸರು, ಹುದ್ದೆ ಪತ್ರದಲ್ಲಿದೆಯೇ?
- ಶಿಷ್ಯವೇತನ ಎಷ್ಟು? ತಿಂಗಳಿಗೊಮ್ಮೆಯೋ, ಕೊನೆಗೆ ಒಂದೇ ಸಲವೋ? ಬ್ಯಾಂಕ್ ಖಾತೆಗೆ ಬರುತ್ತದೆಯೇ?
- ಉಳಿಯುವ ವ್ಯವಸ್ಥೆ ಏನು? ಹೆಣ್ಣುಮಕ್ಕಳಿಗೆ ಸುರಕ್ಷಿತವೇ?
- ಕೊನೆಗೆ ಪ್ರಮಾಣಪತ್ರ ಕೊಡುತ್ತಾರೆಯೇ? ಕಾಲೇಜು ಅದನ್ನು ಒಪ್ಪುತ್ತದೆಯೇ?

ಇವಕ್ಕೆಲ್ಲ ಬರವಣಿಗೆಯಲ್ಲಿ ಉತ್ತರ ಪಡೆಯಬೇಕು. ನೋಂದಣಿ ಶುಲ್ಕ, ಠೇವಣಿ, ಪ್ರಮಾಣಪತ್ರದ ಶುಲ್ಕ ಎಂದು ಮುಂಗಡ ಹಣ ಕೇಳಿದರೆ ಕೊಡಬೇಡಿರಿ. ಕಾಲೇಜಿನಲ್ಲಿ ವಿಚಾರಿಸಿರಿ. ಮೊಬೈಲಿನಲ್ಲಿ ಹಣ ಕಳಿಸಿ ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿರಿ. ಇದು ಸೈಬರ್ ವಂಚನೆಯ ದೂರಿಗಾಗಿ ಇರುವ ಸಹಾಯವಾಣಿ.

ನಮ್ಮ ಸಂಘದಲ್ಲೇ ಏಕಾಗಬಾರದು?

ಡಾ. ವರ್ಗೀಸ್ ಕುರಿಯನ್ ಅವರು 1979ರಲ್ಲಿ ಗುಜರಾತಿನ ಆನಂದದಲ್ಲಿ ಗ್ರಾಮೀಣ ಆಡಳಿತ ನಿರ್ವಹಣಾ ಸಂಸ್ಥೆಯನ್ನು ಕಟ್ಟಿದರು. ಅಲ್ಲಿಯ ವಿದ್ಯಾರ್ಥಿಗಳು ಹಳ್ಳಿಯಲ್ಲಿ ಉಳಿದು ಕಲಿಯುವುದು ಪಾಠದ ಭಾಗವೇ ಆಗಿದೆ. ಅಷ್ಟು ದೊಡ್ಡ ಸಂಸ್ಥೆ ಬೇಡ, ನಮ್ಮ ಹಾಲು ಉತ್ಪಾದಕರ ಸಂಘದ ದಫ್ತರಗಳಲ್ಲೇ ಒಂದು ಒಳ್ಳೆಯ ಪ್ರಾಜೆಕ್ಟಿಗೆ ಬೇಕಾದಷ್ಟು ಸಾಮಗ್ರಿ ಇದೆ.

ಒಂದು ಉದಾಹರಣೆ ನೋಡಿರಿ. ಆಕಳು ಈದ ಮೂರು ತಿಂಗಳ ಆಸುಪಾಸಿನಲ್ಲಿ ಮತ್ತೆ ಗಬ್ಬ ಕಟ್ಟಿದರೆ ಸುಮಾರು ವರ್ಷಕ್ಕೊಂದು ಕರು ಸಿಗುತ್ತದೆ. ಒಂದು ಬೆದೆ ತಪ್ಪಿದರೆ 21 ದಿನ ಹಿಂದೆ ಬಿದ್ದಂತೆ. ದಿನಕ್ಕೆ 6 ಲೀಟರಿನಂತೆ ಹಿಡಿದರೂ 126 ಲೀಟರು. ಊರಿನ ಹತ್ತು ಆಕಳುಗಳಲ್ಲಿ ಹೀಗಾದರೆ 1,260 ಲೀಟರು. ಯಾವ ಆಕಳಿಗೆ ಎಷ್ಟು ಸಲ ಕೃತಕ ಗರ್ಭಧಾರಣೆ ಆಯಿತು, ಈದ ಎಷ್ಟು ದಿನಕ್ಕೆ ಗಬ್ಬ ನಿಂತಿತು ಎಂಬುದನ್ನು ರಿಜಿಸ್ಟರಿನಿಂದ ತೆಗೆದು, ಮನೆ ಮನೆಗೆ ಹೋಗಿ ಖಾತ್ರಿ ಮಾಡಿಕೊಂಡು, ತಡವಾಗುತ್ತಿರುವ ಆಕಳುಗಳ ಪಟ್ಟಿ ಮಾಡಿದರೆ ಪಶುವೈದ್ಯರಿಗೆ ಎಲ್ಲಿ ನೋಡಬೇಕೆಂದು ತಿಳಿಯುತ್ತದೆ. ಇದು ಒಬ್ಬ ಪದವಿ ವಿದ್ಯಾರ್ಥಿಗೆ ಆರರಿಂದ ಎಂಟು ವಾರಗಳ ಕೆಲಸ.

ಇನ್ನೊಂದು: ಹಳಿಯಾಳ ಭಾಗದಲ್ಲಿ ಕಬ್ಬು ಕಡಿಯುವ ಕಾಲಕ್ಕೆ ದನಗಳಿಗೆ ಕಬ್ಬಿನ ಸೋಗೆಯೇ ಮುಖ್ಯ ಮೇವಾಗಿಬಿಡುತ್ತದೆ. ಆ ತಿಂಗಳುಗಳಲ್ಲಿ ಹಾಲಿನ ಪ್ರಮಾಣ, ಕೊಬ್ಬು ಮತ್ತು ಎಸ್.ಎನ್.ಎಫ್. ಹೇಗಿರುತ್ತವೆ, ಖನಿಜ ಮಿಶ್ರಣ ಹಾಕುವವರ ಮತ್ತು ಹಾಕದವರ ಹಾಲಿನಲ್ಲಿ ವ್ಯತ್ಯಾಸವಿದೆಯೇ ಎಂದು ಸಂಘದ ಲೆಕ್ಕದಿಂದಲೇ ನೋಡಬಹುದು.

ಇದಕ್ಕೆ ಸಂಘದ ಆಡಳಿತ ಮಂಡಳಿಯು ವಿಸ್ತರಣಾಧಿಕಾರಿಗಳ ಸಲಹೆ ಪಡೆದು, ಸಭೆಯಲ್ಲಿ ಠರಾವು ಮಾಡಿ ಮುಂದುವರಿಯಬೇಕು. ತಿಂಗಳಿಗೆ 3,000 ರೂ.ನಂತೆ ಎರಡು ತಿಂಗಳಿಗೆ 6,000 ರೂ. ಆಗುತ್ತದೆ. ನೆರೆಯ ಎರಡು ಸಂಘಗಳು ಕೂಡಿದರೆ ಒಂದೊಂದರ ಪಾಲಿಗೆ 3,000 ರೂ. ಮೂರು ಮಾತುಗಳನ್ನು ಮರೆಯಬಾರದು. ಮೊದಲನೆಯದು, ಅವಕಾಶ ಇರುವುದನ್ನು ಸಂಘದ ಫಲಕದ ಮೇಲೆ ಬರೆದು ಎಲ್ಲ ಸದಸ್ಯರ ಮಕ್ಕಳಿಂದ ಅರ್ಜಿ ಕರೆಯಬೇಕು. ಅಧ್ಯಕ್ಷರ ಮಗ, ಕಾರ್ಯದರ್ಶಿಯ ಅಳಿಯ ಎಂದು ಒಳಗಿಂದೊಳಗೆ ಆಗಬಾರದು. ಎರಡನೆಯದು, ಸದಸ್ಯರ ಬ್ಯಾಂಕ್ ಖಾತೆ ಮತ್ತು ಆಧಾರ್ ವಿವರ ವಿದ್ಯಾರ್ಥಿಯ ಕೈಗೆ ಹೋಗಬಾರದು. ಮೂರನೆಯದು, ಅವರನ್ನು ಕ್ಯಾನು ತೊಳೆಯಲು, ಚಹಾ ತರಲು ಇಟ್ಟುಕೊಳ್ಳಬಾರದು. ಕಂಡ ವಿಷಯವನ್ನು ಸರ್ವ ಸದಸ್ಯರ ಸಭೆಯಲ್ಲಿ ಓದಿ ಹೇಳುವುದಕ್ಕೆ ಅವಕಾಶ ಕೊಡಬೇಕು. ವರದಿಯಲ್ಲಿ ಸಂಘದ ಲೋಪ ಕಂಡುಬಂದರೂ ಅದನ್ನು ಕೇಳುವ ಮನಸ್ಸಿರಬೇಕು.

ಓದಿದ ಮಕ್ಕಳು ಹೈನುಗಾರಿಕೆಯನ್ನು ಲೆಕ್ಕ ಹಾಕಿ ನೋಡುವುದನ್ನು ಕಲಿತರೆ, ಅವರು ಊರಲ್ಲೇ ಉಳಿಯಲಿ, ಬೇರೆ ಕಡೆ ಹೋಗಲಿ, ಆ ವಿದ್ಯೆ ಅವರ ಜೊತೆಗಿರುತ್ತದೆ. ಅವರ ಲೆಕ್ಕದಿಂದ ನಾಲ್ಕು ಆಕಳು ಸಕಾಲಕ್ಕೆ ಗಬ್ಬ ಕಟ್ಟಿದರೆ ಅದರ ಲಾಭ ಸದಸ್ಯರ ಮನೆಯಲ್ಲೇ ಉಳಿಯುತ್ತದೆ. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಇಡಿರಿ. ಕಾಲೇಜು ಓದುವ ನಿಮ್ಮ ಮಕ್ಕಳಿಗೂ ಈ ಲೇಖನವನ್ನು ಓದಲು ಕೊಡಿರಿ.