ಜಾನುವಾರುಗಳ ಚಿಕಿತ್ಸೆಗೆ ಧನಸಹಾಯ: ಅರ್ಹತೆಯ ವಿಚಾರ

ಗದಗ ಜಿಲ್ಲೆಯ ರೋಣ ತಾಲೂಕಿನ ಯಾವಗಲ್ ಎರೆಭೂಮಿಯ ಸೀಮೆಗೆ ಸೇರಿದ ಗ್ರಾಮ. ಇಂಥ ಗ್ರಾಮಗಳಲ್ಲಿ ಎತ್ತು, ಎಮ್ಮೆ, ಕುರಿಗಳೇ ಸಣ್ಣ ಹಿಡುವಳಿದಾರನಿಗೂ ಭೂಹೀನನಿಗೂ ಮೂಲಧನ. ಟ್ರ್ಯಾಕ್ಟರು ಬಂದಿದ್ದರೂ ಎತ್ತನ್ನೇ ನಂಬಿದ ಕುಟುಂಬಗಳು ಇಲ್ಲದಿಲ್ಲ. ಹರಗುವ ಕಾಲದಲ್ಲಿ ಜೋಡಿಯ ಒಂದು ಎತ್ತು ನೆಲಹಿಡಿದರೆ ಇನ್ನೊಂದೂ ಕೆಲಸಕ್ಕೆ ಬಾರದು. ಆಗ ಔಷಧಕ್ಕೆ ಹಣವಿಲ್ಲದ ಒಡೆಯನು ಯಾರ ನೆರವನ್ನು ಯಾವ ಅರ್ಹತೆಯಿಂದ ಕೇಳಬಹುದು? ಈ ಅರ್ಹತೆಯನ್ನು ನಿರ್ಣಯಿಸುವ ತತ್ತ್ವಗಳನ್ನು ವಿವರಿಸಿ, ಅವು ಇಂಥ ಗ್ರಾಮಕ್ಕೆ ಎಷ್ಟರಮಟ್ಟಿಗೆ ಒದಗುತ್ತವೆಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯದು ದಾನಧರ್ಮದ ಮಾರ್ಗ. ರೋಣ ತಾಲೂಕು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ೧೮೮೦ರ ದಶಕದಲ್ಲಿ, ಸರ್ ದಿನ್‌ಶಾ ಮಾಣಿಕ್‌ಜಿ ಪೇಟಿಟರ ದಾನದಿಂದ ಮುಂಬಯಿಯ ಪರೇಲಿನಲ್ಲಿ ಪ್ರಾಣಿಗಳ ಆಸ್ಪತ್ರೆಯೊಂದು ಸ್ಥಾಪಿತವಾಯಿತು. ಲಂಡನ್ನಿನಲ್ಲಿ ಮರಿಯಾ ಡಿಕಿನ್ ಎಂಬ ಮಹಿಳೆ ೧೯೧೭ರಲ್ಲಿ ಬಡವರ ಪ್ರಾಣಿಗಳಿಗಾಗಿಯೇ ಚಿಕಿತ್ಸಾಲಯವನ್ನು ತೆರೆದರು. ಆಕೆಯ ಸಂಸ್ಥೆಯು ಇಂದು ಅರ್ಜಿದಾರನು ಸರಕಾರದಿಂದ ಆದಾಯಾಧಾರಿತ ಸಹಾಯಧನ ಪಡೆಯುತ್ತಿರುವನೇ, ಆಸ್ಪತ್ರೆಯ ವ್ಯಾಪ್ತಿಯೊಳಗೆ ವಾಸಿಸುವನೇ ಎಂಬುದನ್ನು ಪರಿಶೀಲಿಸುತ್ತದೆ. ಇಲ್ಲಿ ಅರ್ಹತೆಗೆ ಆಧಾರವಾದುದು ಒಡೆಯನ ಬಡತನ ಮತ್ತು ವಾಸಸ್ಥಳ. ಆದರೆ ಇಂಥ ಧರ್ಮಸಂಸ್ಥೆಗಳು ಬಹುತರವಾಗಿ ನಗರಗಳಲ್ಲಿಯೇ ಬೆಳೆದವು. ಹಳ್ಳಿಯ ಎತ್ತು ಅವುಗಳ ಅಂಗಳವನ್ನು ತಲುಪುವುದು ದುಸ್ಸಾಧ್ಯ.

ಎರಡನೆಯದು ಕಾಯಿದೆಯ ಮಾರ್ಗ. ೧೯೬೦ರ ಪ್ರಾಣಿಹಿಂಸಾ ನಿವಾರಣ ಅಧಿನಿಯಮದ ೩೫ನೆಯ ಪ್ರಕರಣದಂತೆ ನ್ಯಾಯಾಧಿಕಾರಿಯು ಪೀಡಿತ ಪ್ರಾಣಿಯನ್ನು ಚಿಕಿತ್ಸಾಲಯಕ್ಕೆ ಕಳುಹಿಸಬಹುದು. ಅದರ ವೆಚ್ಚವನ್ನು ಒಡೆಯನೇ ಕೊಡತಕ್ಕದ್ದು. ಆದರೆ ಅವನ ಬಡತನದ ಕಾರಣದಿಂದ ಚಿಕಿತ್ಸೆಯ ಶುಲ್ಕವನ್ನು ಬಿಟ್ಟುಕೊಡುವಂತೆ ಆಜ್ಞಾಪಿಸಲು ನ್ಯಾಯಾಧಿಕಾರಿಗೆ ಅಧಿಕಾರವುಂಟು. ಈ ವಿನಾಯಿತಿ ಉದಾರವಾದುದೇ ಸರಿ. ಆದರೆ ಅದು ಒದಗುವುದು ಅಧಿನಿಯಮದಡಿಯಲ್ಲಿ ಮೊಕದ್ದಮೆ ಹೂಡಲ್ಪಟ್ಟ ಮೇಲೆ. ರೋಗದ ಮೊದಲ ಲಕ್ಷಣ ಕಂಡೊಡನೆ ಪಶುವನ್ನು ವೈದ್ಯನ ಬಳಿಗೆ ತಂದ ಬಡವನಿಗೆ ಈ ವಾಕ್ಯದಿಂದ ಯಾವ ಪ್ರಯೋಜನವೂ ಇಲ್ಲ.

ಮೂರನೆಯದು ರಾಜ್ಯದ ಪರಿಹಾರ. ೨೦೨೨ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಕರ್ನಾಟಕ ಸರಕಾರವು ಸತ್ತ ಎತ್ತಿಗೆ ೩೦,೦೦೦, ಹಸುವಿಗೆ ೨೦,೦೦೦, ಕರುವಿಗೆ ೫,೦೦೦ ರೂಪಾಯಿಗಳ ಪರಿಹಾರವನ್ನು ಗೊತ್ತುಪಡಿಸಿತು. ‘ಅನುಗ್ರಹ’ ಯೋಜನೆಯಲ್ಲಿ ಆಕಸ್ಮಿಕವಾಗಿ ಸತ್ತ ದನ, ಎಮ್ಮೆ, ಎತ್ತುಗಳಿಗೆ ೧೦,೦೦೦ ರೂಪಾಯಿ ಇದ್ದುದನ್ನು ೨೦೨೫-೨೬ರ ಆಯವ್ಯಯದಲ್ಲಿ ೧೫,೦೦೦ಕ್ಕೆ ಏರಿಸಲಾಯಿತು. ನೆರೆ ಮೊದಲಾದ ವಿಪತ್ತುಗಳಿಗಾಗಿ ೨೦೨೨ರಿಂದ ೨೦೨೬ರವರೆಗಿನ ಅವಧಿಗೆ ಕೇಂದ್ರವು ವಿಧಿಸಿದ ಮಾನದಂಡದಲ್ಲಿ ದುಡಿಯುವ ಎತ್ತಿಗೆ ೩೨,೦೦೦ ರೂಪಾಯಿ; ಕುಟುಂಬವೊಂದಕ್ಕೆ ಇಂಥ ಮೂರು ದೊಡ್ಡ ಪಶುಗಳ ಮಿತಿ. ಈ ಎಲ್ಲ ನಿಯಮಗಳಲ್ಲಿಯೂ ಅರ್ಹತೆಯ ಮೂಲ ಒಂದೇ: ಪಶುವಿನ ಮರಣ. ವಿಮೆಯ ಹಣವೂ ಸಾಮಾನ್ಯವಾಗಿ ಮರಣಾನಂತರವೇ ಕೈಸೇರುವುದು.

ಚಿಕಿತ್ಸೆಯ ವಿಷಯದಲ್ಲಿ ಸರಕಾರವು ಉದಾಸೀನವಾಗಿದೆಯೆಂದು ಇದರಿಂದ ತಿಳಿಯಲಾಗದು. ಸರಕಾರಿ ಪಶುವೈದ್ಯಶಾಲೆಯ ಬಾಗಿಲು ಬಡವ ಬಲ್ಲಿದರೆನ್ನದೆ ತೆರೆದಿದೆ. ೨೦೨೨ರಲ್ಲಿ ರಾಜ್ಯದಲ್ಲಿ ೨೭೫ ಸಂಚಾರಿ ಚಿಕಿತ್ಸಾ ವಾಹನಗಳು ಆರಂಭವಾಗಿ, ೧೯೬೨ ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ವೈದ್ಯರು ಮನೆಬಾಗಿಲಿಗೆ ಬರುವ ಏರ್ಪಾಡಾಯಿತು. ಉಳಿಯುವ ಪ್ರಶ್ನೆ ಅಂಗಡಿಯಿಂದ ಕೊಳ್ಳಬೇಕಾದ ಔಷಧದ್ದು, ದೂರದ ಆಸ್ಪತ್ರೆಗೆ ಸಾಗಿಸುವ ಬಾಡಿಗೆಯದು, ಚೇತರಿಸುವವರೆಗೆ ಮೇವಿನದು. ಈ ವೆಚ್ಚವನ್ನು ಭರಿಸಲಾರದವನು ಸಾಲ ಮಾಡುವನು, ಇಲ್ಲವೆ ರೋಗದ ಪಶುವನ್ನು ಸಿಕ್ಕ ಬೆಲೆಗೆ ಮಾರುವನು. ಸತ್ತ ಎತ್ತಿಗೆ ಸಾವಿರಗಟ್ಟಲೆ ಕೊಡುವ ವ್ಯವಸ್ಥೆಯು, ಅದು ಬದುಕಬಹುದಾಗಿದ್ದಾಗ ಬೇಕಾಗಿದ್ದ ಅಲ್ಪ ಮೊತ್ತಕ್ಕೆ ಅವಕಾಶವನ್ನಿಡದಿರುವುದು ಅರ್ಥಶಾಸ್ತ್ರದ ದೃಷ್ಟಿಯಿಂದಲೂ ವಿಚಾರಾರ್ಹ.

ಹಾಗಾದರೆ ಚಿಕಿತ್ಸಾ ಸಹಾಯಕ್ಕೆ ಅರ್ಹತೆ ಹೇಗಿರಬೇಕು? ಮೂರು ಅಂಶಗಳು ಸಾಕೆಂದು ತೋರುತ್ತದೆ. ಒಂದನೆಯದಾಗಿ, ಕುಟುಂಬದ ಬಡತನ; ಇದಕ್ಕೆ ಬಿ.ಪಿ.ಎಲ್. ಪಡಿತರ ಚೀಟಿಯೇ ಪ್ರಮಾಣವಾಗಬಲ್ಲುದು. ಎರಡನೆಯದಾಗಿ, ಜೀವನಕ್ಕೆ ಆ ಪಶುವಿನ ಆಶ್ರಯ. ಒಂದೇ ಎಮ್ಮೆಯುಳ್ಳ ವಿಧವೆಗೂ ಹಿಂಡುಳ್ಳವನಿಗೂ ಒಂದೇ ಅಳತೆಗೋಲು ಸಲ್ಲದು. ಮೂರನೆಯದಾಗಿ, ರೋಗವು ಗುಣಸಾಧ್ಯವೆಂಬ ವೈದ್ಯರ ಅಭಿಪ್ರಾಯ. ಹಣವನ್ನು ನೇರವಾಗಿ ಔಷಧದ ಅಂಗಡಿಗೆ ಸಲ್ಲಿಸಿದರೆ ದುರುಪಯೋಗದ ಶಂಕೆಯೂ ಕಡಿಮೆಯಾಗುವುದು. ನಿರ್ಣಯವು ಅಂದಂದೇ ಆಗಬೇಕಾದುದು ಅತ್ಯಗತ್ಯ. ಹೊಟ್ಟೆಯುಬ್ಬರದ ಎತ್ತು ಸಮಿತಿಯ ಮುಂದಿನ ಸಭೆಯವರೆಗೆ ಕಾಯಲಾರದು.

ಇಷ್ಟು ಶೀಘ್ರವಾಗಿ ನಿರ್ಣಯಿಸಲು ಅರ್ಜಿದಾರನನ್ನು ಬಲ್ಲ ಸ್ಥಳೀಯ ಸಂಸ್ಥೆಯೇ ತಕ್ಕುದು. ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವು ೧೯೦೫ರಲ್ಲಿ ಹುಟ್ಟಿದ ಕಣಗಿನಹಾಳವು ಇದೇ ಗದಗ ಜಿಲ್ಲೆಯಲ್ಲಿದೆ. ನೆರೆಹೊರೆಯವರ ಪರಸ್ಪರ ಪರಿಚಯವೇ ಸಾಲಕ್ಕೆ ಭದ್ರತೆಯೆಂಬ ನಂಬಿಕೆಯ ಮೇಲೆ ಅಂಥ ಸಂಘಗಳು ನಿಂತವು. ಅದೇ ಪರಿಚಯವು ಯಾವಗಲ್ಲಿನಂಥ ಗ್ರಾಮದಲ್ಲಿ ಸಣ್ಣದೊಂದು ಚಿಕಿತ್ಸಾ ನಿಧಿಗೂ ಆಧಾರವಾಗಬಲ್ಲುದು. ಕಾಯಿದೆಯು ಬಡತನವನ್ನು ಮೊಕದ್ದಮೆಯ ನಂತರ ಗುರುತಿಸುತ್ತದೆ. ಪರಿಹಾರವು ಪಶುವನ್ನು ಸತ್ತ ನಂತರ ಗುರುತಿಸುತ್ತದೆ. ಜೀವವಿರುವಾಗಲೇ ಇವೆರಡನ್ನೂ ಗುರುತಿಸುವುದು ಅಂಥ ನಿಧಿಯ ಕರ್ತವ್ಯವಾಗಬೇಕು.